ಉಸಿರೂ ಒಂದು ಪ್ರಾಣ

ಜೈನ ದರ್ಶನವು ಸಂಸಾರಿ ಜೀವದ ಪ್ರಾಣಗಳನ್ನು ಹತ್ತೆಂದು ಎಣಿಸಿದೆ. ಇಂದ್ರಿಯಗಳು ಐದು, ಮನ, ವಚನ, ಕಾಯವೆಂಬ ಬಲಗಳು ಮೂರು, ಆಯುಸ್ಸು ಒಂದು, ಉಳಿದುದು ಉಚ್ಛ್ವಾಸ-ನಿಶ್ವಾಸ. ಉಸಿರನ್ನು ದೇಹದ ಕ್ರಿಯೆಯೆಂದಷ್ಟೇ ಬಗೆಯದೆ ಪ್ರಾಣವೆಂದೇ ಕರೆದುದರಲ್ಲಿ ಶ್ರಾವಕನ ಹೊಣೆಯೊಂದು ಅಡಗಿದೆ. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ, ಅಂದರೆ ಎಚ್ಚರಗೇಡಿತನವನ್ನೇ, ಮೊದಲಿಗಿರಿಸಿದರು. ಹಾಗಿರುವಾಗ ನೆರೆಯವರ ಉಸಿರಿಗೆ ನಮ್ಮ ಎಚ್ಚರಗೇಡಿತನದಿಂದ ಬಂದ ಬಾಧೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ಈ ಪ್ರಶ್ನೆಗೆ ಈಗ ಅಂಕಿಗಳೂ ದೊರೆತಿವೆ. ಬೆಂಗಳೂರು, ಪುಣೆ, ದೆಹಲಿ ಮೊದಲಾದ ಭಾರತದ ಹತ್ತು ನಗರಗಳಲ್ಲಿ 2008ರಿಂದ 2019ರವರೆಗೆ ಸಂಭವಿಸಿದ ಸುಮಾರು 36 ಲಕ್ಷ ಮರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಒಂದು ಘನಮೀಟರ್ ಗಾಳಿಯಲ್ಲಿ ಸೂಕ್ಷ್ಮ ಧೂಳು 10 ಮೈಕ್ರೋಗ್ರಾಂನಷ್ಟು ಹೆಚ್ಚಿದರೆ ಸಾಮಾನ್ಯ ದಿನಗಳಲ್ಲಿ ಮರಣ ಶೇ 0.8ರಷ್ಟು ಏರುತ್ತದೆ. ಅತಿ ಬಿಸಿಲಿನ ದಿನಗಳಲ್ಲಿ ಅಷ್ಟೇ ಧೂಳಿಗೆ ಆ ಏರಿಕೆ ಶೇ 4.6. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2014ರಿಂದ 2020ರವರೆಗಿನ ಮರಣಗಳನ್ನು ಲೆಕ್ಕ ಹಾಕಿದವರಿಗೂ ಇಂಥದೇ ಚಿತ್ರ ಕಂಡಿತು: ತೀವ್ರ ಬಿಸಿಲಷ್ಟೇ ಇದ್ದ ದಿನ ಸಾವಿನ ಅಪಾಯ ಶೇ 6.1 ಹೆಚ್ಚು, ತೀವ್ರ ಧೂಳಷ್ಟೇ ಇದ್ದ ದಿನ ಶೇ 5 ಹೆಚ್ಚು. ಎರಡೂ ಕೂಡಿದ ದಿನ ಶೇ 11 ಆಗಬಹುದೆಂದು ಎಣಿಸಿದರೆ ಅದು ಶೇ 21ಕ್ಕೆ ಮುಟ್ಟಿತ್ತು.

ಕಾರಣ ದೇಹದೊಳಗೇ ಇದೆ. ಬಿಸಿಲೇರಿದಾಗ ಮೈಯನ್ನು ತಣಿಸಲು ರಕ್ತವು ಚರ್ಮದತ್ತ ಹರಿಯುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ, ಉಸಿರು ತೀವ್ರವಾಗುತ್ತದೆ. ತೀವ್ರವಾದ ಆ ಉಸಿರಿನೊಡನೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತವನ್ನುಂಟುಮಾಡುತ್ತವೆ. ಮೊದಲೇ ಬಳಲಿದ ಹೃದಯಕ್ಕೆ ಇದು ಎರಡನೆಯ ಪೆಟ್ಟು. ವೃದ್ಧರು ಇದಕ್ಕೆ ಮೊದಲು ತುತ್ತಾಗುತ್ತಾರೆ.

ಇದು ಮಹಾನಗರಗಳ ಮಾತೆಂದು ನಂದಗಡದವರೋ ಬೆಳಗಾವಿಯವರೋ ನಿಶ್ಚಿಂತರಾಗಿರುವಂತಿಲ್ಲ. ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಇಟ್ಟಂಗಿ ಭಟ್ಟಿಗಳು ಉರಿಯುವುದು ಮಳೆಯಿಲ್ಲದ ತಿಂಗಳುಗಳಲ್ಲೇ. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿಯಿಡುವ ವಾಡಿಕೆ ಬೇಸಿಗೆಯ ಬಾಗಿಲವರೆಗೂ ಸಾಗುತ್ತದೆ. ಪಶ್ಚಿಮದ ಕಾಡಿನ ತರಗೆಲೆಗೆ ಕಿಡಿ ತಗಲುವುದೂ ಆಗಲೇ. ಬಿಸಿಲಿಗಾದರೆ ನೆರಳುಂಟು, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದಡಿ ಕುಳಿತವನೂ ಹೊಗೆಯಿಂದ ತಪ್ಪಿಸಿಕೊಳ್ಳಲಾರ. ಭಟ್ಟಿಯ ಮುಂದೆ ದುಡಿಯುವವನಿಗಂತೂ ಬಿಸಿಲು, ಬೆಂಕಿ, ಹೊಗೆ ಮೂರೂ ಒಟ್ಟಿಗೇ ಎರಗುತ್ತವೆ.

ಶ್ರಾವಕಾಚಾರಗಳು ಎಣಿಸುವ ಹದಿನೈದು ಖರಕರ್ಮಗಳಲ್ಲಿ ಅಂಗಾರಕರ್ಮವೂ ಇದೆ, ಹುಲ್ಲು-ಕಾಡಿಗೆ ಬೆಂಕಿಯಿಡುವ ದವದಾನವೂ ಇದೆ. ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಭಟ್ಟಿಯ ಕೂಲಿಕಾರನತ್ತ ಬೆರಳು ತೋರುವ ಮುನ್ನ ಆ ಇಟ್ಟಂಗಿಯಿಂದ ಮನೆ ಕಟ್ಟಿಸಿದವರು ಕೃತ, ಕಾರಿತ, ಅನುಮತಗಳ ಲೆಕ್ಕವನ್ನು ನೆನೆಯಬೇಕು: ಮಾಡಿದವನಿಗಿರುವಂತೆ ಮಾಡಿಸಿದವನಿಗೂ ಒಪ್ಪಿದವನಿಗೂ ಪಾಲುಂಟು. ಜೀವನೋಪಾಯಕ್ಕೆ ಅನಿವಾರ್ಯವಾದ ಉದ್ಯೋಗಿ ಹಿಂಸೆಯನ್ನು ಗೃಹಸ್ಥನು ಯತ್ನಪೂರ್ವಕ ತಗ್ಗಿಸಬಲ್ಲನೇ ಹೊರತು ಪೂರ್ತಿ ಬಿಡಲಾರ. ರವದಿಯ ಬೆಂಕಿಗೆ ಆ ಆಸರೆಯೂ ಇಲ್ಲ. ಸಾಲಿನಲ್ಲೇ ಬಿಟ್ಟರೆ ಅದು ತೇವವನ್ನು ಕಾಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆದಕುವುದನ್ನು ಪ್ರಮಾದಚರ್ಯೆಯೆಂದು ಹೆಸರಿಸಿ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹೊಲದ ಈ ಬೆಂಕಿ ಅಲ್ಲಿಗೇ ಸಲ್ಲುತ್ತದೆ. ಅಗ್ನಿಕಾಯ, ವಾಯುಕಾಯ ಜೀವಗಳ ಜೊತೆಗೆ ಕಸದಲ್ಲಿ ನೆಲೆಸಿದ ತ್ರಸಜೀವಗಳೂ ಅದರಲ್ಲಿ ಬೇಯುತ್ತವೆ.

ನಮ್ಮ ಭಾಗದ ಜೈನರಲ್ಲಿ ಒಕ್ಕಲುತನದವರೇ ಬಹಳ. ಭಗವಾನ್ ಆದಿನಾಥರು ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಂದ ಇಕ್ಷುರಸದ ಆಹಾರವನ್ನು ಸ್ವೀಕರಿಸಿದ ಅಕ್ಷಯ ತೃತೀಯೆ ಬರುವುದೂ ಕಡುಬೇಸಿಗೆಯಲ್ಲಿಯೇ. ಅಂದು ಕಬ್ಬಿನ ಹಾಲನ್ನು ಭಕ್ತಿಯಿಂದ ಹಂಚುವ ಕೈಯೇ ಕೆಲವು ವಾರಗಳ ಹಿಂದೆ ಅದೇ ಕಬ್ಬಿನ ಸೋಗೆಗೆ ಕಡ್ಡಿ ಗೀರಿರುತ್ತದೆ. ಪಂಚಕಲ್ಯಾಣದ ಮೆರವಣಿಗೆಯಲ್ಲಿ ಪಟಾಕಿ ಸುಡುವವರಿಗೂ ಇದೇ ಮಾತು ಸಲ್ಲುತ್ತದೆ.

ವ್ರತವೆಂದೊಡನೆ ಹಿಂಜರಿಯುವವರಿಗೆ ಸಮಂತಭದ್ರರೇ ದಾರಿ ತೆರೆದಿಟ್ಟಿದ್ದಾರೆ. ಬದುಕಿರುವವರೆಗಿನ ತ್ಯಾಗ ಯಮ. ಕಾಲವನ್ನು ಗೊತ್ತುಮಾಡಿಕೊಂಡ ತ್ಯಾಗ ನಿಯಮ. ಫಾಲ್ಗುಣದಿಂದ ಮೃಗಶಿರ ಮಳೆಯವರೆಗೆ ಹೊಲದಲ್ಲಾಗಲಿ ಬೀದಿಯಲ್ಲಾಗಲಿ ಕಸಕ್ಕೆ ಬೆಂಕಿಯಿಡೆನು, ನಡೆದು ಹೋಗಬಹುದಾದ ಬಸದಿಗೆ ವಾಹನವನ್ನೇರೆನು, ಭಟ್ಟಿಯ ಒಡೆಯನಾಗಿದ್ದರೆ ಆಳುಗಳನ್ನು ನಡುಹಗಲ ದುಡಿಮೆಗೆ ಹಚ್ಚೆನು ಎಂದು ಜಿನಬಿಂಬದ ಮುಂದೆ ನಿಯಮ ಹಿಡಿಯಬಹುದು. ನಾಲ್ಕು ತಿಂಗಳ ಮಾತಷ್ಟೇ.