ಮೈಕಿನ ಪಿಸುದನಿಗೆ ಬಲ

ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದ ಗೌಹರ್ ಜಾನ್ 1902ರಲ್ಲಿ ಗ್ರಾಮಫೋನಿಗೆ ಹಾಡಿದಾಗ ಮೈಕ್ ಇರಲಿಲ್ಲ. ಕಹಳೆಯಂಥ ಕೊಳವೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು.

ಇಂದು ಮೈಕ್ ವೀಣೆಯ ಮೆಲುನಾದವನ್ನೂ ಹಿಡಿಯುತ್ತದೆ. ಆದರೆ ಅದು ಕೊಡುವುದು ಒಂದು ಮಿಲಿವೋಲ್ಟ್ ಆಸುಪಾಸು. ಅದನ್ನು ಸಾವಿರ ಪಟ್ಟು, ಅಂದರೆ 60 ಡೆಸಿಬೆಲ್, ಹಿಗ್ಗಿಸುವುದೇ ಪ್ರಿ-ಆಂಪ್ಲಿಫೈಯರ್. ಅದರ ಸ್ವಂತ ‘ಸ್ಸ್’ ಸದ್ದು ಕಡಿಮೆಯಿರಬೇಕು. ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ, ಗುಂಡಿಗಳ ಸಂಖ್ಯೆಯನ್ನಲ್ಲ. ಕಂಡೆನ್ಸರ್ ಮೈಕಿಗಾದರೆ 48 ವೋಲ್ಟ್ ಸೌಲಭ್ಯವೂ ಬೇಕು. ಕೈಯಾರೆ ಕಟ್ಟುವ ವಿದ್ಯಾರ್ಥಿಗಳು ಎನ್‌ಇ 5534 ಐಸಿಯಿಂದ ಆರಂಭಿಸಬಹುದು. ಎರಡು 9 ವೋಲ್ಟ್ ಬ್ಯಾಟರಿ ಬಳಸಿದರೆ ಕರೆಂಟಿನ ಗುಂಯ್‌ಗುಟ್ಟುವಿಕೆಯ ಕಾಟ ಕಡಿಮೆ.

ಆದರೆ ದೋಣಿಗಲ್‌ನ ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದೂ ಜತೆಗೇ ಹಿಗ್ಗುತ್ತದೆ! ಪೋಷಕರೇ, ದುಡ್ಡು ಬಿಚ್ಚುವ ಮೊದಲು ಮೈಕನ್ನು ಎರಡು ಅಡಿಯಿಂದ ಒಂದು ಅಡಿಗೆ ತಂದು ನೋಡಿ. ವೀಣೆಯ ನಾದ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಮಳೆಯದು ಇದ್ದಷ್ಟೇ ಇರುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.