ಬಾಗಿಲಿನಿಂದ ಸೂಜಿಯವರೆಗೆ

ಕಳೆದ ವರ್ಷ ನಮ್ಮ ಅಜ್ಜನಿಗೆ ಸ್ಟ್ರೋಕ್ ಆಯ್ತು. ಬಾಯಿ ಸೊಟ್ಟಗಾಗಿದ್ದು ನೋಡಿ ಅಪ್ಪ ಅರ್ಧ ಗಂಟೆಯಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನಿಜವಾದ ಓಡಾಟ ಶುರುವಾಗಿದ್ದು ಆಮೇಲೆ. ಚೀಟಿ ಮಾಡಿಸೋಕೆ ಒಂದು ಕ್ಯೂ, ಸ್ಕ್ಯಾನ್‌ಗೆ ದುಡ್ಡು ಕಟ್ಟೋಕೆ ಇನ್ನೊಂದು ಕ್ಯೂ. ಸಿ.ಟಿ. ಸ್ಕ್ಯಾನ್ ಇದ್ದಿದ್ದು ಪಕ್ಕದ ಬಿಲ್ಡಿಂಗ್‌ನಲ್ಲಿ. ಯಾರೂ ಸೋಮಾರಿಗಳಲ್ಲ, ಎಲ್ಲರೂ ಅವರವರ ಕೆಲಸ ಮಾಡ್ತಿದ್ರು. ಆದ್ರೂ ಎರಡು ಗಂಟೆ ಹೋಯ್ತು. ಅಜ್ಜ ಬದುಕಿದ್ದಾರೆ, ಬಲಗೈ ಮಾತ್ರ ಇವತ್ತಿಗೂ ಏಳಲ್ಲ.

ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನೋದು ಒಂದು ಅಂದಾಜು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು, ಮೆದುಳಲ್ಲಿ ರಕ್ತಸ್ರಾವ ಆಗಿಲ್ಲ ಅಂತ ಸ್ಕ್ಯಾನ್ ಮಾಡಿ ನೋಡಲೇಬೇಕು. ರೋಗಿ ಆಸ್ಪತ್ರೆ ಬಾಗಿಲಿಗೆ ಬಂದಾಗಿನಿಂದ ಸೂಜಿ ಚುಚ್ಚುವವರೆಗಿನ ಈ ಸಮಯವೇ ಲೆಕ್ಕ.

ಫಿನ್‌ಲೆಂಡಿನ ಹೆಲ್ಸಿಂಕಿಯ ಆಸ್ಪತ್ರೆಯಲ್ಲಿ 1998ರಲ್ಲಿ ಇದು 105 ನಿಮಿಷ ಇತ್ತು. 2011ರ ಹೊತ್ತಿಗೆ 20 ನಿಮಿಷಕ್ಕೆ ಇಳಿಯಿತು. ಹೇಗೆ? ಆಂಬ್ಯುಲೆನ್ಸ್‌ನವರು ದಾರಿಯಿಂದಲೇ ಫೋನ್ ಮಾಡ್ತಾರೆ, ರೋಗಿ ಬರೋ ಮುಂಚೆಯೇ ಟೆಸ್ಟ್‌ಗಳನ್ನ ಬರೆದಿಟ್ಟಿರುತ್ತಾರೆ, ರೋಗಿಯನ್ನ ಸೀದಾ ಸ್ಕ್ಯಾನ್‌ಗೆ ಒಯ್ದು ಅದೇ ಟೇಬಲ್ ಮೇಲೆ ಇಂಜೆಕ್ಷನ್ ಕೊಡ್ತಾರೆ. ಔಷಧ ಹಳೆಯದೇ, ಕೆಲಸದ ಕ್ರಮ ಮಾತ್ರ ಹೊಸದು.

"ಅವಸರ ಮಾಡಿದ್ರೆ ಎಡವಟ್ಟಾಗಲ್ವಾ?" ಅಂತ ಕೇಳಬಹುದು. ಅಮೆರಿಕದಲ್ಲಿ 2010ರಲ್ಲಿ ನೂರಾರು ಆಸ್ಪತ್ರೆಗಳು ಒಟ್ಟಾಗಿ 60 ನಿಮಿಷದ ಗುರಿ ಇಟ್ಟುಕೊಂಡವು. ಈ ಇಂಜೆಕ್ಷನ್ ಪಡೆದವರಲ್ಲಿ ಆಸ್ಪತ್ರೆಯಲ್ಲೇ ಸಾಯುವವರ ಪ್ರಮಾಣ ಶೇ. 9.93ರಿಂದ 8.25ಕ್ಕೆ ಇಳಿಯಿತು. ಔಷಧದಿಂದಾಗುವ ಮೆದುಳಿನ ರಕ್ತಸ್ರಾವವೂ ಹೆಚ್ಚಲಿಲ್ಲ, ಕಡಿಮೆಯೇ ಆಯ್ತು.

ಈಗ ನಮ್ಮ ವಿಷಯಕ್ಕೆ ಬರೋಣ. ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ 'ಎಐ ಬಳಸಿ ರೋಗಪತ್ತೆ' ಅಂತ ಒಂದಿಷ್ಟು ಇದ್ದೇ ಇರುತ್ತೆ. ಡೇಟಾಸೆಟ್ ಡೌನ್‌ಲೋಡ್ ಮಾಡಿ, ಆ್ಯಕ್ಯುರೆಸಿ ತೋರಿಸಿ, ವೈವಾ ಮುಗಿಸಿ ಮರೆತುಬಿಡ್ತೀವಿ. ಆದರೆ ಕ್ಯೂ ಎಲ್ಲಿ ನಿಂತಿದೆ, ಯಾವ ಎರಡು ಕೆಲಸ ಒಟ್ಟಿಗೆ ಮಾಡಬಹುದು ಅಂತ ಹುಡುಕೋದು ನಮ್ಮದೇ ವಿದ್ಯೆ ಅಲ್ವಾ? ಬಾಟಲ್‌ನೆಕ್, ಕ್ರಿಟಿಕಲ್ ಪಾತ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಬೇರೆ ಯಾತಕ್ಕೆ?

ನಾವು ಡಾಕ್ಟರುಗಳಲ್ಲ, ನಿಜ. ಆದ್ರೆ ಅನುಮತಿ ಪಡೆದು, ಸ್ಟಾಪ್‌ವಾಚ್ ಹಿಡಿದು ಒಂದು ವಾರ ಊರಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೂರೋಕೆ ಡಾಕ್ಟರ್ ಆಗಬೇಕಿಲ್ಲ. ಈ ಸಲ ಪ್ರಾಜೆಕ್ಟ್ ಟೈಟಲ್ ಕೊಡೋ ಮುಂಚೆ ಗೈಡ್ ಹತ್ರ ಒಮ್ಮೆ ಕೇಳಿ ನೋಡಿ. ನಾನಂತೂ ಕೇಳ್ತಿದ್ದೀನಿ.