ಊಟ ಬಿಟ್ಟರೆ ಸೋಲುವುದು ಹೃದಯ

1983ರ ಫೆಬ್ರುವರಿ 4ರ ಬೆಳಿಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಡೌನಿ ಎಂಬ ಊರಿನಲ್ಲಿ, ತಂದೆ ತಾಯಿಯ ಮನೆಗೆ ಬಂದಿದ್ದ ಮಗಳೊಬ್ಬರು ಕುಸಿದು ಬಿದ್ದರು. ಆಸ್ಪತ್ರೆಗೆ ಒಯ್ದರೂ ಜೀವ ಉಳಿಯಲಿಲ್ಲ. ಆಗ ಅವರ ವಯಸ್ಸು 32. ಹೆಸರು ಕರೆನ್ ಕಾರ್ಪೆಂಟರ್. ಅಣ್ಣ ರಿಚರ್ಡ್ ಜತೆ ಸೇರಿ ‘ಕಾರ್ಪೆಂಟರ್ಸ್’ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಈ ಗಾಯಕಿಯ ಧ್ವನಿಮುದ್ರಿಕೆಗಳು 1970ರ ದಶಕದಲ್ಲಿ ದೇಶ ವಿದೇಶಗಳಲ್ಲಿ ಮನೆಮಾತಾಗಿದ್ದವು. ಹಣಕ್ಕೆ, ವೈದ್ಯರಿಗೆ, ಅನ್ನಕ್ಕೆ ಯಾವುದಕ್ಕೂ ಕೊರತೆಯಿರದ ಈಕೆ ತೀರಿಕೊಂಡದ್ದು ವರ್ಷಗಟ್ಟಲೆ ಹಸಿದಿದ್ದರ ಪರಿಣಾಮವಾಗಿ.

ಕರೆನ್ ತೂಕ ಇಳಿಸಲು ಆರಂಭಿಸಿದ್ದು ಎಲ್ಲರೂ ಮಾಡುವಂತೆ ಪಥ್ಯದಿಂದಲೇ. ಮೊದಮೊದಲು ನೋಡಿದವರು ಮೆಚ್ಚಿದರು. ಆದರೆ ಇಳಿತ ನಿಲ್ಲಲಿಲ್ಲ. 1975ರಲ್ಲಿ ಬ್ರಿಟನ್ ಮತ್ತು ಜಪಾನಿನ ಪ್ರವಾಸವನ್ನೇ ರದ್ದುಪಡಿಸುವಷ್ಟು ನಿತ್ರಾಣ ಬಂತು. 1982ರಲ್ಲಿ ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದರು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಪೋಷಕಾಂಶಗಳನ್ನು ಕೊಟ್ಟ ಮೇಲೆ ತೂಕವೂ ಸಾಕಷ್ಟು ಏರಿತು. ಊರಿಗೆ ಮರಳಿ ಕೆಲವೇ ತಿಂಗಳಲ್ಲಿ ಹೃದಯ ನಿಂತಿತು. ಈ ರೋಗದ ದೊಡ್ಡ ಪಾಠ ಇರುವುದು ಇಲ್ಲಿಯೇ: ತೂಕದ ಯಂತ್ರ ತೋರಿಸುವ ಅಂಕಿ ದೇಹದೊಳಗಿನ ಹಾನಿಯ ಲೆಕ್ಕವನ್ನು ಹೇಳುವುದಿಲ್ಲ.

ಈ ರೋಗದ ಹೆಸರು ಅನೋರೆಕ್ಸಿಯಾ ನರ್ವೋಸಾ. ಕರೆನ್ ಸಾವಿನ ತನಕ ಅದು ಹೆಚ್ಚಾಗಿ ವೈದ್ಯರ ಪುಸ್ತಕಗಳಲ್ಲಿದ್ದ ಪದ. ಆನಂತರ ಪತ್ರಿಕೆಗಳಲ್ಲಿ ಬಂತು, ಜನರ ಬಾಯಲ್ಲಿ ಬಂತು. ರೋಗವೇನೂ ಹೊಸದಾಗಿರಲಿಲ್ಲ. ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಇದಕ್ಕೆ ಈ ಹೆಸರಿಟ್ಟದ್ದು 1870ರ ದಶಕದಲ್ಲಿ. 1873ರಲ್ಲಿಯೇ ಪ್ಯಾರಿಸ್ಸಿನ ವೈದ್ಯ ಲಾಸೇಗ್ ಕೂಡ ಇಂಥದೇ ರೋಗಿಗಳ ಬಗ್ಗೆ ಬರೆದಿದ್ದರು. ‘ನರದೌರ್ಬಲ್ಯದಿಂದ ಹಸಿವಿಲ್ಲದಿರುವುದು’ ಎಂಬುದು ಹೆಸರಿನ ಅರ್ಥ. ವಾಸ್ತವವಾಗಿ ಈ ರೋಗಿಗಳಲ್ಲಿ ಬಹುಮಂದಿಗೆ ಹಸಿವು ಇದ್ದೇ ಇರುತ್ತದೆ. ದಪ್ಪಗಾಗುವ ಭಯ ಆ ಹಸಿವನ್ನು ಅದುಮಿಡುತ್ತದೆ. ಮೂಳೆ ಎದ್ದು ಕಾಣುತ್ತಿದ್ದರೂ ಕನ್ನಡಿಯ ಮುಂದೆ ನಿಂತಾಗ ‘ಇನ್ನೂ ದಪ್ಪ ಇದ್ದೇನೆ’ ಎಂದೇ ಅನ್ನಿಸುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ರೋಗ ಬುಲಿಮಿಯಾ ನರ್ವೋಸಾ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ಬೇರೆಯಾಗಿ ಗುರುತಿಸಿದರು. ಹಿಡಿತವಿಲ್ಲದೆ ಒಮ್ಮೆಲೇ ಬಹಳ ತಿನ್ನುವುದು, ಆಮೇಲೆ ಪಶ್ಚಾತ್ತಾಪದಿಂದ ಅದನ್ನು ವಾಂತಿ, ಭೇದಿ ಅಥವಾ ಉಪವಾಸದ ಮೂಲಕ ಹೊರಹಾಕಲು ಹೆಣಗುವುದು ಇದರ ಲಕ್ಷಣ. ಬ್ರಿಟನ್ನಿನ ರಾಜಕುಮಾರಿ ಡಯಾನಾ ತಮಗೆ ಈ ರೋಗವಿತ್ತೆಂದು 1995ರ ನವೆಂಬರಿನಲ್ಲಿ ದೂರದರ್ಶನ ಸಂದರ್ಶನದಲ್ಲಿ ಬಹಿರಂಗವಾಗಿ ಹೇಳಿದರು. ಹೊರಹಾಕುವ ಪ್ರಯತ್ನವಿಲ್ಲದೆ ಪದೇ ಪದೇ ಹಿಡಿತ ತಪ್ಪಿ ತಿನ್ನುವ ಮೂರನೆಯ ಬಗೆಯೂ ಇದೆ. ಅದನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ರೋಗವಾಗಿ ಸೇರಿಸಿತು.

ಊಟ ಕಡಿಮೆಯಾದರೆ ಹೃದಯಕ್ಕೇಕೆ ಪೆಟ್ಟು ಎಂಬ ಪ್ರಶ್ನೆ ಸಹಜ. ಆದಾಯ ನಿಂತ ಮನೆಯ ಉದಾಹರಣೆ ತೆಗೆದುಕೊಳ್ಳಬಹುದು. ಮೊದಲು ಕೈಯಲ್ಲಿರುವ ಚಿಲ್ಲರೆ ಕರಗುತ್ತದೆ. ಆಮೇಲೆ ಬ್ಯಾಂಕಿನ ಉಳಿತಾಯ. ಕೊನೆಗೆ ಬಾಗಿಲು, ಕಿಟಕಿ, ತೊಲೆಗಳನ್ನೇ ಮಾರುವ ದಿನ ಬರುತ್ತದೆ. ದೇಹದಲ್ಲೂ ಹಾಗೆಯೇ. ಯಕೃತ್ತಿನಲ್ಲಿರುವ ಗ್ಲೈಕೋಜನ್ ಸುಮಾರು ಒಂದು ದಿನಕ್ಕೆ ಸಾಕು. ಬಳಿಕ ಕೊಬ್ಬು ಕರಗುತ್ತದೆ, ಅದರ ಜತೆಗೇ ಸ್ನಾಯುಗಳ ಪ್ರೋಟೀನೂ ಒಡೆಯುತ್ತದೆ. ಹೃದಯವೂ ಒಂದು ಸ್ನಾಯುವೇ ತಾನೆ? ಅದು ತೆಳ್ಳಗಾಗುತ್ತದೆ, ಮಿಡಿತ ನಿಧಾನವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಶಾಖ ಉಳಿಸಲು ಕೈಕಾಲು ತಣ್ಣಗಾಗುತ್ತವೆ. ಮೈಮೇಲೆ ನವಿರಾದ ಕೂದಲು ಬೆಳೆಯಬಹುದು. ಬಸಿರಿನ ಭಾರ ಹೊರಲಾರದ ದೇಹ ಮುಟ್ಟನ್ನೇ ನಿಲ್ಲಿಸಿಬಿಡುತ್ತದೆ. ಹರೆಯವೆಂದರೆ ಮೂಳೆಗಳು ಸುಣ್ಣದ ಅಂಶವನ್ನು ಶೇಖರಿಸಿಕೊಳ್ಳುವ ಕಾಲ. ಆ ಕಾಲದಲ್ಲಿ ಆದ ನಷ್ಟ ಮುಂದೆ ಪೂರ್ತಿಯಾಗಿ ತುಂಬುವುದು ಕಷ್ಟ.

ವಾಂತಿ, ಭೇದಿಗಳ ದಾರಿ ಹಿಡಿದವರಿಗೆ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಹೃದಯದ ಪ್ರತಿಯೊಂದು ಮಿಡಿತವೂ ಒಂದು ವಿದ್ಯುತ್ ಸಂಕೇತದಿಂದ ಹುಟ್ಟುತ್ತದೆ. ಈ ಸಂಕೇತ ಜೀವಕೋಶದ ಒಳಗೂ ಹೊರಗೂ ಇರುವ ಪೊಟ್ಯಾಸಿಯಂ, ಸೋಡಿಯಂ ಮುಂತಾದ ಲವಣಗಳ ಸಮತೋಲನವನ್ನು ಅವಲಂಬಿಸಿದೆ. ರಕ್ತದಲ್ಲಿ ಪೊಟ್ಯಾಸಿಯಂ ಇರಬೇಕಾದ ಪ್ರಮಾಣ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಇಷ್ಟು ಕಿರಿದಾದ ಅಂಚಿನೊಳಗೆ ಹೃದಯದ ಲಯ ನಡೆಯುತ್ತದೆ. ಪದೇ ಪದೇ ವಾಂತಿ, ಭೇದಿಯಾದಾಗ ಪೊಟ್ಯಾಸಿಯಂ ಇಳಿದು, ಮುನ್ಸೂಚನೆಯೇ ಇಲ್ಲದೆ ಲಯ ತಪ್ಪಬಹುದು. ಜಠರದ ಆಮ್ಲ ಮೇಲೆ ಬಂದು ಹಲ್ಲಿನ ಹೊರಪದರವನ್ನು ಸವೆಸುತ್ತದೆ. ಬುಲಿಮಿಯಾ ಇರುವವರ ತೂಕ ಎಷ್ಟೋ ವೇಳೆ ಸಾಮಾನ್ಯವಾಗಿಯೇ ಇರುವುದರಿಂದ ಮನೆಯವರಿಗೆ ಸಂಶಯವೂ ಬರುವುದಿಲ್ಲ.

2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 36 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಅನೋರೆಕ್ಸಿಯಾ ಇರುವ ಸಾವಿರ ಮಂದಿಯಲ್ಲಿ ವರ್ಷಕ್ಕೆ ಸುಮಾರು 5 ಮಂದಿ ಸಾಯುತ್ತಾರೆ. ರೋಗಿಗಳು ಬಹುಪಾಲು ಎಳೆಯ ವಯಸ್ಸಿನವರೆಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ. ಸತ್ತವರಲ್ಲಿ ಐವರಿಗೆ ಒಬ್ಬರದು ಆತ್ಮಹತ್ಯೆ. ಎಂದರೆ ದೇಹದಷ್ಟೇ ಮನಸ್ಸೂ ಇಲ್ಲಿ ಅಪಾಯದಲ್ಲಿರುತ್ತದೆ.

‘ಎರಡು ತುತ್ತು ತಿಂದರೆ ಎಲ್ಲ ಸರಿಹೋಗುತ್ತದೆ, ಬರೀ ಹಟ’ ಎನ್ನುವವರು ಒಂದು ಪ್ರಯೋಗದ ಕತೆಯನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯೂರೋಪಿನ ಹಸಿದ ಜನರಿಗೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ 1944-45ರಲ್ಲಿ ಈ ಪ್ರಯೋಗ ನಡೆಸಿದರು. ಯುದ್ಧಕ್ಕೆ ಹೋಗಲು ಒಪ್ಪದ 36 ಆರೋಗ್ಯವಂತ ತರುಣರು ತಾವಾಗಿ ಮುಂದೆ ಬಂದರು. 24 ವಾರ ಅರೆಹೊಟ್ಟೆಯಲ್ಲಿದ್ದು ತೂಕದ ಸುಮಾರು ನಾಲ್ಕನೆಯ ಒಂದು ಭಾಗವನ್ನು ಕಳೆದುಕೊಂಡರು. ನಾಡಿ ನಿಧಾನವಾಯಿತು. ಅದಕ್ಕಿಂತ ಅಚ್ಚರಿ ತಂದದ್ದು ಅವರ ಮನಸ್ಸಿನಲ್ಲಾದ ಬದಲಾವಣೆ. ಊಟದ ವಿನಾ ಬೇರೆ ಯೋಚನೆ ಉಳಿಯಲಿಲ್ಲ. ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕಿದರು, ತುತ್ತನ್ನು ಗಂಟೆಗಟ್ಟಲೆ ಎಳೆದರು. ಗೆಳೆಯರಿಂದ ದೂರವಾದರು, ಸಿಡುಕಿದರು, ಖಿನ್ನರಾದರು. ಹೊಟ್ಟೆ ತುಂಬ ಸಿಕ್ಕಿದ ಮೇಲೂ ಕೆಲವರು ತಿಂಗಳುಗಟ್ಟಲೆ ಹಿಡಿತವಿಲ್ಲದೆ ತಿಂದರು. ಇವರಲ್ಲಿ ಯಾರೂ ಮೊದಲೇ ಮನೋರೋಗಿಗಳಾಗಿರಲಿಲ್ಲ. ಹಸಿವೇ ಮನಸ್ಸಿನ ದಿಕ್ಕನ್ನು ತಿರುಗಿಸಿತ್ತು. ಅನೋರೆಕ್ಸಿಯಾ ರೋಗಿಯಲ್ಲಿ ಕಾಣುವ ಹಟದ ಒಂದು ಪಾಲು ಉಪವಾಸ ಬಿದ್ದ ಮೆದುಳಿನದೇ ಹಟ. ಅದರ ಜತೆ ವಾದಿಸಿ ಗೆಲ್ಲುವುದು ಕಷ್ಟ.

ಹಾಗೆಂದು ಒತ್ತಾಯ ಮಾಡಿ ಒಂದೇ ಸಲ ಹೊಟ್ಟೆ ತುಂಬ ಉಣಿಸುವುದೂ ಅಪಾಯಕಾರಿ. ಬಹುಕಾಲ ಹಸಿದ ದೇಹಕ್ಕೆ ಇದ್ದಕ್ಕಿದ್ದಂತೆ ಅನ್ನ, ಸಕ್ಕರೆ ಬಿದ್ದಾಗ ಇನ್ಸುಲಿನ್ ಏರುತ್ತದೆ. ಅದು ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಕ್ಕೆ ಸೆಳೆಯುತ್ತದೆ. ಮೊದಲೇ ಬರಿದಾಗಿದ್ದ ರಕ್ತದಲ್ಲಿ ಇವು ತಳ ಕಂಡಾಗ ಹೃದಯ, ಉಸಿರಾಟ ಎರಡೂ ಸೋಲಬಹುದು. ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಬಿಡುಗಡೆಯಾದ ಕೆಲವರು ಊಟ ಸಿಕ್ಕ ಮೇಲೆಯೇ ಸತ್ತದ್ದನ್ನು ಕಂಡ ವೈದ್ಯರು ಈ ಅಪಾಯವನ್ನು ದಾಖಲಿಸಿದರು. ಆದ್ದರಿಂದ ತೀರ ಇಳಿದುಹೋದವರಿಗೆ ಮರಳಿ ಊಟ ರೂಢಿಸುವುದು ವೈದ್ಯರ ಕಣ್ಣೆದುರು, ರಕ್ತಪರೀಕ್ಷೆಯ ಬೆಂಬಲದಲ್ಲಿ ಆಗಬೇಕಾದ ಕೆಲಸ.

ಇದೆಲ್ಲ ಪರದೇಶದ ಸಿರಿವಂತರ ಕಾಯಿಲೆ ಎಂಬ ಭಾವನೆ ಇನ್ನೂ ಇದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಅನುಭವ ಇದಕ್ಕೆ ಉತ್ತರ. ನಮ್ಮ ಹಿರಿಯರಂತೆಯೇ ಅಲ್ಲಿನವರೂ ಮೈಕೈ ತುಂಬಿಕೊಂಡಿರುವುದನ್ನೇ ಚೆಲುವೆಂದು ಎಣಿಸಿದ್ದವರು. ಅಲ್ಲಿನ ನಾಡ್ರೋಗಾ ಪ್ರದೇಶಕ್ಕೆ ಟೆಲಿವಿಷನ್ ಬಂದದ್ದು 1995ರಲ್ಲಿ. ಅಮೆರಿಕದ ಆ್ಯನ್ ಬೆಕರ್ ಎಂಬ ಸಂಶೋಧಕಿ ಆಗ ಶಾಲಾ ಬಾಲಕಿಯರನ್ನು ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡುತ್ತೇನೆಂದು ಹೇಳಿದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೊಂದು ತಂಡದ ಬಾಲಕಿಯರನ್ನು ಕೇಳಿದಾಗ ನೂರಕ್ಕೆ 11 ಮಂದಿ ಹೌದೆಂದರು. ಇಂದು ಪರದೆ ಗೋಡೆಯಿಂದ ಇಳಿದು ಪ್ರತಿ ಹುಡುಗ ಹುಡುಗಿಯ ಅಂಗೈಗೆ ಬಂದಿದೆ.

ಭಾರತದಲ್ಲಿ ಈ ರೋಗ ಕೆಲವೊಮ್ಮೆ ವೇಷ ಬದಲಿಸಿ ಬರುತ್ತದೆ. ದಪ್ಪಗಾಗುವ ಭಯದ ಮಾತೇ ಎತ್ತದೆ ‘ಹೊಟ್ಟೆ ಉಬ್ಬರ, ಸೇರುವುದಿಲ್ಲ, ವಾಂತಿ ಬರುತ್ತದೆ’ ಎನ್ನುತ್ತ ಕೃಶರಾಗುತ್ತ ಹೋಗುವ ರೋಗಿಗಳ ಬಗ್ಗೆ ನಮ್ಮ ವೈದ್ಯರು ಬರೆದಿದ್ದಾರೆ. ಇಂಥವರು ಹೊಟ್ಟೆಯ ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾರೆ. ಹರಕೆ, ತಾಯಿತಗಳೂ ಆಗುತ್ತವೆ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ಬೆಂಗಳೂರಿನ ಮನೋವೈದ್ಯರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಇಂಥ ರೋಗಿಯನ್ನು ಒಮ್ಮೆಯಾದರೂ ನೋಡಿದ್ದಾಗಿ ಹೇಳಿದರು.

ನಮ್ಮಲ್ಲಿ ಉಪವಾಸಕ್ಕೆ ಗೌರವವಿದೆ. ಏಕಾದಶಿ, ಶಿವರಾತ್ರಿಗಳಲ್ಲಿ ಊಟ ಬಿಟ್ಟರೆ ಯಾರೂ ಪ್ರಶ್ನಿಸುವುದಿಲ್ಲ. ರೋಗ ಈ ಮರೆಯಲ್ಲಿ ಅಡಗಿಕೊಳ್ಳಬಹುದು. ಬೇರ್ಪಡಿಸುವ ಗುರುತು ಸರಳ: ವ್ರತಕ್ಕೆ ಮರುದಿನ ಪಾರಣೆ ಇದೆ. ಈ ರೋಗದಲ್ಲಿ ಪಾರಣೆಯ ದಿನ ಬರುವುದೇ ಇಲ್ಲ.

ಮನೆಯವರಿಗೂ ಶಿಕ್ಷಕರಿಗೂ ಕಾಣಸಿಗುವ ಚಿಹ್ನೆಗಳು ಹಲವು. ಎಲ್ಲರ ಜತೆ ಕುಳಿತು ಉಣ್ಣಲು ನೆಪ ಹೇಳುವುದು, ಊಟವಾದ ತಕ್ಷಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಇತರರಿಗೆ ಆಸ್ಥೆಯಿಂದ ಬಡಿಸಿ ತಾನು ತಿನ್ನದಿರುವುದು, ಮೈ ಮುಚ್ಚುವ ದೊಗಳೆ ಬಟ್ಟೆ, ಸೆಕೆಯಲ್ಲೂ ಚಳಿ, ತಲೆಸುತ್ತು, ಮುಟ್ಟು ನಿಲ್ಲುವುದು, ಜ್ವರವಿದ್ದರೂ ಬಿಡದ ವ್ಯಾಯಾಮ. ಹುಡುಗರೂ ಇದಕ್ಕೆ ಹೊರತಲ್ಲ. ಗಂಡುಮಕ್ಕಳಿಗೆ ಇದು ಬರುವುದಿಲ್ಲವೆಂಬ ನಂಬಿಕೆಯಿಂದಲೇ ಅವರ ರೋಗ ತಡವಾಗಿ ತಿಳಿಯುತ್ತದೆ. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದು ಕಾಲಕ್ಕೆ ಈ ರೋಗದ ತಪ್ಪನ್ನೆಲ್ಲ ತಾಯಿಯ ತಲೆಗೆ ಕಟ್ಟಲಾಗುತ್ತಿತ್ತು. ಅವಳಿ ಮಕ್ಕಳ ಅಧ್ಯಯನಗಳು ಆನುವಂಶಿಕ ಒಲವೂ ಇದೆಯೆಂದು ತೋರಿಸಿಕೊಟ್ಟಿವೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಚಿಕಿತ್ಸಾ ವಿಧಾನ ತಂದೆ ತಾಯಿಯನ್ನೇ ಊಟ ಮರಳಿಸುವ ಕೆಲಸದಲ್ಲಿ ಸಹಾಯಕರನ್ನಾಗಿ ತೆಗೆದುಕೊಳ್ಳುತ್ತದೆ. ಹರೆಯದವರಲ್ಲಿ ಇದರಿಂದ ಒಳ್ಳೆಯ ಫಲ ಸಿಕ್ಕಿದೆ. ಬೇಗ ಆರಂಭಿಸಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. ಎಲ್ಲಿ ಕೇಳಬೇಕೆಂದು ತೋಚದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆಗೆ ಹಣವಿಲ್ಲ.

ಇನ್ನು ಉಳಿದವರೆಲ್ಲ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಮದುವೆ ಮನೆಯಲ್ಲೋ ಬಸ್‌ಸ್ಟಾಂಡಿನಲ್ಲೋ ಎದುರಾದ ಹುಡುಗಿಗೆ ‘ಏನೇ, ದಪ್ಪಗಾಗಿದ್ದೀಯ’ ಎನ್ನುವುದು, ಇನ್ನೊಬ್ಬಳಿಗೆ ‘ಸಣ್ಣಗಾಗಿ ಲಕ್ಷಣವಾಗಿ ಕಾಣ್ತೀಯ’ ಎನ್ನುವುದು ನಮಗೆಲ್ಲ ಕುಶಲ ವಿಚಾರಿಸುವಷ್ಟೇ ಸಲೀಸು. ಕೇಳಿಸಿಕೊಂಡವಳು ಮನೆಗೆ ಹೋಗಿ ತಟ್ಟೆಯ ಮುಂದೆ ಕುಳಿತಾಗ ಆ ಮಾತು ಅವಳ ಎದುರಿಗೇ ಕುಳಿತಿರಬಹುದು. ಮಕ್ಕಳನ್ನು ಕಂಡಾಗ ಓದು, ಆಟ, ಗೆಳೆಯರ ಬಗ್ಗೆ ವಿಚಾರಿಸೋಣ. ಮೈಯ ಅಳತೆಯನ್ನು ಮಾತಿಗೆ ತರದೆ ಬಿಡೋಣ.